ಅಕ್ಕನ ಹಾಡಿಗೆ ನನ್ನ ದಮ್ಮಡಿ

ಕೂತಲ್ಲಿ ಕೂರುವ ಹೆಣ್ಣಲ್ಲ ನಾನು. ಊಟವನ್ನೂ ಅಡುಗೆಮನೆಯಲ್ಲಿ ನಿಂತೇ ಮುಗಿಸುತ್ತೇನೆ. ಮನೆ ಮಧುಗಿರಿಯಲ್ಲಿ, ಆರೋಗ್ಯ ಸಹಾಯಕಿಯ ಕೆಲಸ ಪಾವಗಡ ದಾಟಿ ವೈ.ಎನ್.ಹೊಸಕೋಟೆ ಕಡೆ. ಬೆಳಗಾದರೆ ಬಸ್ಸು, ಬಸ್ಸಿಳಿದರೆ ಸ್ಕೂಟರು, ಸ್ಕೂಟರಿಳಿದರೆ ಬಾಣಂತಿಯರ ಮನೆ ಬಾಗಿಲು. ಲಸಿಕೆಗೆ ಮಗು ತಾರದ ತಾಯಂದಿರನ್ನು ಬಾಯಿತುಂಬ ಬೈದು, ಅವರ ಮನೆಯಲ್ಲೇ ಮಜ್ಜಿಗೆ ಕುಡಿದು, ಮುಂದಿನ ಊರಿಗೆ ಓಡುವುದು. ಇಂಥವಳು ನಲವತ್ತೇಳನೆಯ ವಯಸ್ಸಿನಲ್ಲಿ ವಾರಕ್ಕೆರಡು ಸಂಜೆ ಮೊಬೈಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ವಾದ್ಯ ಕಲಿಯುತ್ತೇನೆ ಎಂದಾಗ ನನ್ನ ಗಂಡ ನಕ್ಕುಬಿಟ್ಟರು. “ಮೂರು ದಿನ ನೋಡೋಣ” ಎಂದರು. ಆ ಮಾತಿನ ಸಿಟ್ಟಿಗೇ ಮೊದಲ ತಿಂಗಳು ಕಳೆಯಿತು.

ಕಲಿತದ್ದು ಅಕ್ಕನಿಗೋಸ್ಕರ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ. ತಲೆ ಬಾಚಿ, ಜಡೆ ಹಾಕಿ, ಸ್ಲೇಟು ಕೊಟ್ಟು ಸ್ಕೂಲಿಗೆ ಅಟ್ಟಿದವಳು ಅವಳೇ. ಮದುವೆಯಾಗಿ ಕೊಳಾಲಕ್ಕೆ ಹೋದಾಗ ನನ್ನನ್ನೂ ಜೊತೆಗೆ ಕರೆದುಕೊಂಡೇ ಹೋದಳು. ಅಕ್ಕ ತತ್ವಪದ ಹಾಡುತ್ತಾಳೆ, ಭಾವ ದಮ್ಮಡಿ ಬಾರಿಸುತ್ತಾರೆ. ದಮ್ಮಡಿ ಎಂದರೆ ಒಂದೇ ಕಡೆ ತೊಗಲು ಕಟ್ಟಿದ, ಊಟದ ತಟ್ಟೆಯಷ್ಟಗಲದ ಮರದ ಬಳೆ. ಎಡಗೈಯಲ್ಲಿ ಹಿಡಿಯಬೇಕು, ಬಲಗೈಯಲ್ಲಿ ಬಡಿಯಬೇಕು. ಕೊರಟಗೆರೆ ಸುತ್ತಮುತ್ತ ಯಾರ ಮನೆಯಲ್ಲಿ ಭಜನೆಯಿದ್ದರೂ, ಯಾರು ಸತ್ತು ಹನ್ನೊಂದನೆಯ ದಿನವಾದರೂ ಇವರಿಬ್ಬರಿಗೆ ಹೇಳಿಕಳಿಸುತ್ತಿದ್ದರು. ಮೂವತ್ತು ವರ್ಷ ಹಾಗೇ ನಡೆಯಿತು.

ಎರಡು ವರ್ಷದ ಹಿಂದೆ ಭಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಿತು. ಅವರ ಹಳೆಯ ದಮ್ಮಡಿಯ ತೊಗಲು ಆ ಬೇಸಿಗೆಯಲ್ಲೇ ಒಣಗಿ ಸೀಳಿತು. ಅಕ್ಕ ಅಂದಿನಿಂದ ಬಾಯಿ ಬಿಡಲಿಲ್ಲ. ಹಾಡಿನ ಮಾತು ಹೇಳುತ್ತಿದ್ದೇನೆ; ಜಗಳಕ್ಕೆ ಬಾಯಿ ಇತ್ತು. ಕೊರಟಗೆರೆಯಿಂದ ತಬಲಾದವರೊಬ್ಬರು ತಾವಾಗಿ ಬಂದರೆ ಕಾಫಿ ಕೊಟ್ಟು ಕಳಿಸಿದಳು. ನಾನು ಕೇಳಿದರೆ ಒಂದೇ ಮಾತು: “ತಾಳ ಇಲ್ದೆ ನಂಗೆ ಬಾಯಿ ಬರಾಕಿಲ್ಲ ಕಣೇ, ಬುಡು ಅತ್ಲಾಗೆ.” ಹೋದಾಗಲೆಲ್ಲ ನೋಡುತ್ತಿದ್ದೆ, ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆಯುತ್ತಿದ್ದಳು. ಕುಪ್ಪಸ ತೋಳಲ್ಲಿ ಸಡಿಲವಾಗಿತ್ತು. ನಾನು ನೂರಾರು ರೋಗಿಗಳನ್ನು ಕಂಡವಳು. ಮಂಚ ಹಿಡಿದ ಭಾವನಿಗಿಂತ ಓಡಾಡಿಕೊಂಡಿರುವ ಇವಳೇ ಮೊದಲು ಹೋಗಿಬಿಡುತ್ತಾಳೆ ಅನ್ನಿಸಿತು. ಅಕ್ಕ ಮತ್ತೆ ಹಾಡಬೇಕು. ತಾಳವೇ ತಾನೆ ಬೇಕಾಗಿರುವುದು? ತಾಳ ನಾನೇ ಹಾಕುತ್ತೇನೆ ಎಂದುಕೊಂಡೆ.

ವಾದ್ಯ ಮಾಡಿಸಲು ಶಿರಾಕ್ಕೆ ಹೋದೆ. ಅಲ್ಲಿ ಒಂದು ಗಲ್ಲಿಯಲ್ಲಿ ದಫ್, ತಬಲಾಗಳಿಗೆ ತೊಗಲು ಕಟ್ಟುವ ಸಾಹೇಬರೊಬ್ಬರಿದ್ದಾರೆ, ವಯಸ್ಸಾದವರು. ಮಧ್ಯಾಹ್ನದೊಳಗೆ ಕೊಡಿ ಎಂದೆ. ಅವರು ನೀರಲ್ಲಿ ನೆನೆದ ತೊಗಲನ್ನು ಹೊರಳಿಸುತ್ತಾ ನನ್ನ ಮುಖ ನೋಡಿದರು. “ಜಲ್ದಿ ಜಲ್ದಿ ಅಂದ್ರೆ ಚಮಡಾ ಮಾತು ಕೇಳಲ್ಲಮ್ಮಾ. ಬೈಠೋ, ಚಾ ಕುಡೀರಿ.” ಚಹಾ ಕುಡಿದೆ, ಕೂರಲಿಲ್ಲ. ಗಲ್ಲಿಯ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಅಡ್ಡಾಡಿದೆನೋ, ಪಕ್ಕದ ಟೈಲರ್ ಅಂಗಡಿಯವನು ಯಾರನ್ನಾದರೂ ಹುಡುಕುತ್ತಿದ್ದೀರಾ ಎಂದು ಕೇಳಿಯೇಬಿಟ್ಟ. ಕೊನೆಗೆ ಸಾಹೇಬರು ಎರಡು ದಿನ ಬಿಟ್ಟು ಬನ್ನಿ ಎಂದರು. ಅಂತೂ ಮೂರನೆಯ ದಿನ ಕೈಗೆ ಬಂತು.

ಕಲಿಸುವವರು ಮೈಸೂರಿನಲ್ಲಿದ್ದರು. ಆನ್‌ಲೈನ್ ತರಗತಿ, ಮಂಗಳವಾರ ಮತ್ತು ಶುಕ್ರವಾರ ಸಂಜೆ ಐದೂವರೆಗೆ. ಮೊಬೈಲಿನ ಪರದೆಯ ಮೇಲೆ ಹದಿನಾಲ್ಕು ಚೌಕ, ಚೌಕಕ್ಕೊಂದು ಮುಖ. ಅವರೆಲ್ಲ ಕಲಿಯುತ್ತಿದ್ದದ್ದು ಕಂಜಿರ, ಅಂಚಿನಲ್ಲಿ ಪುಟ್ಟ ಬಿಲ್ಲೆಗಳಿರುವಂಥದು. ನನ್ನ ಬಿಲ್ಲೆಯಿಲ್ಲದ ದಮ್ಮಡಿ ನೋಡಿ ಮೇಷ್ಟ್ರು, “ಪರವಾಗಿಲ್ಲ ಮೇಡಂ, ಕೈ ಒಂದೇ” ಎಂದರು. ವಿಚಿತ್ರವೆಂದರೆ ಎಲ್ಲರ ಮೈಕೂ ಬಂದ್. ಹದಿನಾಲ್ಕು ಜನ ಒಟ್ಟಿಗೆ ಬಡಿಯುತ್ತೇವೆ, ಒಬ್ಬರದು ಒಬ್ಬರಿಗೆ ಕೇಳುವುದಿಲ್ಲ. ಕೈಗಳು ಮಾತ್ರ ಕುಣಿಯುತ್ತಿರುತ್ತವೆ. ಆಮೇಲೆ ಮೇಷ್ಟ್ರು ಒಬ್ಬೊಬ್ಬರದೇ ಮೈಕು ತೆರೆಸಿ, ತಾವೂ ಬಡಿಯುತ್ತಾ ತಮ್ಮ ಜೊತೆಗೆ ಬಡಿಯಲು ಹೇಳುತ್ತಿದ್ದರು.

ಐದೂವರೆಗೆ ನಾನು ಇನ್ನೂ ಕೆಲಸದ ಊರಲ್ಲೇ ಇರುತ್ತಿದ್ದೆ. ನಮ್ಮ ಉಪಕೇಂದ್ರದೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಆಚೆ ಹುಣಿಸೆಮರದ ಕೆಳಗೆ ಎರಡು ಗೀಟು ಬರುತ್ತದೆ. ಅಲ್ಲಿ ಚಾಪೆ ಹಾಸಿ, ಮೊಬೈಲನ್ನು ಸ್ಕೂಟರಿಗೆ ಒರಗಿಸಿ ಕೂರುತ್ತಿದ್ದೆ. ಕಡಲೆಕಾಯಿ ಹೊಲದಿಂದ ಬರುವ ಹೆಂಗಸರು ನಿಂತು ನೋಡುತ್ತಿದ್ದರು. ಒಬ್ಬ ಅಜ್ಜಿಯದಂತೂ ಪ್ರತಿ ಸಲವೂ ಅದೇ ಪ್ರಶ್ನೆ: “ಏಮಮ್ಮಾ ಸಿಸ್ಟರೂ, ದೆಯ್ಯಂ ಪಟ್ಟಿಂದಾ ನೀಕು?” ದೆವ್ವ ಹಿಡಿದಿದೆಯಾ ಎಂದು. ಹೂಂ ಕಣಜ್ಜಿ, ಹಿಡಿದಿದೆ, ಶುಗರ್ ಮಾತ್ರೆ ನುಂಗಿದೆಯಾ ಮೊದಲು ಹೇಳು ಎಂದು ಗದರಿಸುತ್ತಿದ್ದೆ. ತೊಡೆ ಜೋಮು ಹಿಡಿಯುತ್ತಿತ್ತು. ಕೂತ ಹತ್ತು ನಿಮಿಷಕ್ಕೆ ಎದ್ದು ಓಡಬೇಕು ಅನ್ನಿಸುತ್ತಿತ್ತು. ತಕಿಟ ತಕಧಿಮಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ, ನಾಳೆ ಯಾವ ಊರಿನ ಲಸಿಕೆ ಎಂದು ಮನಸ್ಸು ಇನ್ನೆಲ್ಲೋ ಹೋಗಿರುತ್ತಿತ್ತು.

ನನ್ನ ಸರದಿ ಬಂದಾಗಲೆಲ್ಲ ಮೇಷ್ಟ್ರದು ಒಂದೇ ದೂರು. “ನೀವು ಹಿಂದೆ ಬೀಳ್ತಾ ಇದೀರಿ ಮೇಡಂ.” ಹಿಂದೆ ಬೀಳುವುದಾ? ನಾನಾ? ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆಂದವರಿಲ್ಲ. ಮೈಯೆಲ್ಲ ಉರಿದುಹೋಯಿತು. ಕೊನೆಗೆ ನಾನೇ ಒಂದು ಉಪಾಯ ಕಂಡುಕೊಂಡೆ. ಅವರ ಕೈ ತೊಗಲು ಮುಟ್ಟುವ ತನಕ ಕಾಯದೆ, ಕೈ ಎತ್ತಿದ ಕೂಡಲೇ ಬಡಿದುಬಿಡುವುದು. ಮುಂದಿನ ವಾರ ಮೇಷ್ಟ್ರು, “ವ್ಹಾ! ಈಗ ಸರಿಯಾಗಿ ಕೂತಿದೆ ನೋಡಿ” ಎಂದರು. ಅಂದು ಮಧುಗಿರಿಯ ತನಕ ಬಸ್ಸಿನಲ್ಲಿ ನಗುತ್ತಲೇ ಬಂದೆ. ಹೀಗೇ ಹತ್ತು ತಿಂಗಳು ಒಂದು ಚೂರು ಮುಂಚೆ ಬಡಿಯುವುದನ್ನೇ ರೂಢಿ ಮಾಡಿಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ದಮ್ಮಡಿಯನ್ನು ಟವಲಿನಲ್ಲಿ ಸುತ್ತಿಕೊಂಡು ಕೊಳಾಲಕ್ಕೆ ಹೋದೆ. ಭಾವ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಟವಲು ಬಿಚ್ಚಿದ್ದೇ ತಡ, ಅಕ್ಕನ ಮುಖ ಬಿಳಿಚಿಕೊಂಡಿತು. “ಇದ್ಯಾಕ್ ತಂದ್ಯೇ?” ಎಂದಳು. ತಾಳ ಇಲ್ಲ ಅಂತಿದ್ದೆಯಲ್ಲ, ತಗೋ ತಾಳ, ಈಗ ಹಾಡು ಎಂದು ಎದುರು ಕೂತೆ. ಅವಳು ಬೇಡ ಎನ್ನುವುದಕ್ಕೆ ಸಂದು ಕೊಡದೆ ಬಡಿಯಲು ಶುರುಮಾಡಿದೆ. ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನ ಮನಸ್ಸು ನೋಯಿಸಬಾರದೆಂದು ಹಾಡೆತ್ತಿದಳು. ಎರಡನೆಯ ಸಾಲಿಗೇ ಎಲ್ಲ ಕೆಟ್ಟಿತು. ಅವಳು ಮಾತು ಎಳೆಯುವ ಮೊದಲೇ ನನ್ನ ಏಟು ಬಿದ್ದಿರುತ್ತಿತ್ತು. ನನ್ನನ್ನು ಹಿಡಿಯಲು ಅವಳು ಬೇಗ ಹಾಡಿದಳು, ನಾನು ಅದಕ್ಕೂ ಮುಂಚೆ ಬಡಿದೆ. ಉಸಿರು ಕಟ್ಟಿ ಕೆಮ್ಮಿ ನಿಲ್ಲಿಸಿದಳು. “ಏನೇ ನಿನ್ ಅವ್ಸರ? ನಾಯಿ ಅಟ್ಟುಸ್ಕೊಂಡ್ ಬಂದಂಗೆ ಓಡ್ತೀಯಲ್ಲೇ” ಎಂದು ನಕ್ಕಳು. ಮಂಚದ ಮೇಲಿಂದ ಭಾವ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ನಾನು ಉಪ್ಪಿಟ್ಟನ್ನೂ ತಿನ್ನದೆ ಎದ್ದು ಬಂದೆ.

ಸೋಮವಾರ ಬೆಳಿಗ್ಗೆಯೇ ಮೇಷ್ಟ್ರಿಗೆ ಫೋನು ಮಾಡಿ ಜಗಳಕ್ಕೆ ನಿಂತೆ. ನೀವೇ ಸರಿಯಾಗಿದೆ ಎಂದಿರಿ, ಇಲ್ಲಿ ನೋಡಿದರೆ ಮರ್ಯಾದೆ ಹೋಯಿತು ಎಂದೆ. ಅವರು ಎಲ್ಲ ಕೇಳಿಸಿಕೊಂಡು, “ಅಯ್ಯೋ ಮೇಡಂ, ಮೊದಲನೇ ದಿನವೇ ಹೇಳಿದ್ದೆನಲ್ಲ” ಎಂದರು. ಅವರು ಬಡಿದದ್ದು ನನ್ನ ಮೊಬೈಲಿಗೆ ಬರಲು ಒಂದು ಚೂರು ತಡವಾಗುತ್ತದೆ. ನಾನು ಬಡಿದದ್ದು ಅವರಿಗೆ ಮುಟ್ಟಲು ಇನ್ನೊಂದು ಚೂರು ತಡ. ಹಿಂದೆ ಬೀಳುತ್ತಿದ್ದದ್ದು ನೆಟ್‌ವರ್ಕು, ನಾನಲ್ಲ. ಅದಕ್ಕೇ ಪಾಠವನ್ನು ಮನೆಯಲ್ಲಿ ಗಡಿಯಾರದ ಟಿಕ್ ಟಿಕ್‌ಗೆ ಬಡಿದು ನೋಡಿಕೊಳ್ಳಬೇಕು, ನೀವು ಹಿಂದೆ ಬೀಳ್ತಿದ್ದೀರಿ ಅಂತ ನಾನು ಅಂದರೂ ತಲೆ ಕೆಡಿಸಿಕೊಳ್ಳಬೇಡಿ ಎಂದಿದ್ದರಂತೆ. ನಾನು ಸೇರಿದ್ದು ಎರಡನೆಯ ವಾರ. ಮೊದಲ ದಿನದ ವಿಡಿಯೊ ಕಳಿಸಿದ್ದರು, ಅಷ್ಟುದ್ದದ್ದನ್ನು ಯಾರು ನೋಡುತ್ತಾರೆ ಎಂದು ಬಿಟ್ಟಿದ್ದೆ. ಹತ್ತು ತಿಂಗಳು ಅಕ್ಕನಿಗೆಂದು ಕಲಿತದ್ದು ಆ ಹುಣಿಸೆಮರದ ಕೆಳಗಿನ ಎರಡು ಗೀಟಿಗೆ ಮಾತ್ರ ಸರಿಹೊಂದುತ್ತಿತ್ತು. ನನ್ನ ಹಣೆಗೆ ನಾನೇ ಚಚ್ಚಿಕೊಂಡೆ.

ಆರು ವಾರ ಗೋಡೆ ಗಡಿಯಾರದ ಮುಂದೆ ಕೂತೆ. ಕೈಯನ್ನು ಎಳೆದೆಳೆದು ಹಿಂದಕ್ಕೆ ತಂದೆ. ಗಂಡ, “ಆ ಗಡಿಯಾರಕ್ಕೇ ಜೀವ ಸಾಕಾಗಿದೆ, ಬಿಡೇ ಮಾರಾಯ್ತಿ” ಎಂದರೂ ಬಿಡಲಿಲ್ಲ. ಏಟು ಹದಕ್ಕೆ ಬಂತು ಎಂದು ಖಾತ್ರಿಯಾದ ಭಾನುವಾರ ಮತ್ತೆ ಕೊಳಾಲಕ್ಕೆ ಹೋದೆ. ಈ ಸಲ ನಿಧಾನಕ್ಕೆ ಬಾರಿಸಿದೆ. ಅಕ್ಕ ಹಾಡೆತ್ತಿದಳು. ತಾಳ ಸರಿಯಾಗಿತ್ತು, ದೇವರಾಣೆ ಸರಿಯಾಗಿತ್ತು, ನಾಲ್ಕು ಸಾಲು ಕೂದಲೆಳೆ ತಪ್ಪಲಿಲ್ಲ. ಐದನೆಯ ಸಾಲಿಗೆ ಅಕ್ಕ ಮಂಚದ ಕಡೆ ನೋಡಿದಳು. ಅಲ್ಲೇ ನಿಲ್ಲಿಸಿ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು.

ನನ್ನ ಪಿತ್ತ ನೆತ್ತಿಗೇರಿತು. ಹಿಂದೆಯೇ ಹೋಗಿ, ಈಗ ಏನು ತಪ್ಪಾಯಿತು ಹೇಳು, ಒಂದು ವರ್ಷ ಸೊಂಟ ಮುರಿದುಕೊಂಡು ಕಲಿತಿದ್ದೀನಿ, ನಿನಗೆ ಬದುಕಬೇಕು ಅಂತಲೇ ಇಲ್ಲವಾ ಎಂದು ಕೂಗಾಡಿದೆ. ಅವಳು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುತ್ತಾ ಹಾಕುತ್ತಾ ನಿಂತಿದ್ದಳು.

“ನಿನ್ ತಪ್ಪಲ್ಲ ಕಣೇ. ಚೆಂದಾಗೇ ಬಾರುಸ್ದೆ.”

“ಮತ್ತೆ?”

“ಅವ್ರು ಕಣ್ಣ್ ಬುಟ್ಕೊಂಡು ಅಲ್ಲೇ ಮಲಗವ್ರೆ. ಅವ್ರ ಎದ್ರಿಗೆ ಇನ್ನೊಬ್ರ ಕೈಗೆ ಹೆಂಗೇ ಹಾಡ್ಲಿ? ನಿಂದು ಮುಗೀತು, ನೀನ್ಯಾಕೆ ಇನ್ನ ಅಂದಂಗಾಗಾಕಿಲ್ವಾ? ನೀನು ಒಂದ್ ಮಾತು ಕೇಳಿದ್ರೆ ಏಳ್ತಿದ್ದೆ. ನೀನೆಲ್ಲಿ ಕೇಳ್ದೆ?”

ಕೇಳಿದ್ದೆ, ಆದರೆ ಪೂರ್ತಿ ಉತ್ತರಕ್ಕೆ ನಿಂತಿರಲಿಲ್ಲ. ಅವಳು ತಾಳ ಎಂದದ್ದೇ ಶಿರಾದ ಬಸ್ಸು ಹತ್ತಿದ್ದೆ. ಒಲೆಯ ಪಕ್ಕ ನಿಂತುಕೊಂಡೇ ಅತ್ತೆ. ಅಕ್ಕನೂ ಅತ್ತಳು.

ಆಗ ನಡುಮನೆಯಲ್ಲಿ ಮಂಚದ ಪಟ್ಟಿಗೆ ಧಡ್ ಧಡ್ ಎಂದು ಗುದ್ದುವ ಸದ್ದಾಯಿತು. ಹೋಗಿ ನೋಡಿದರೆ ಭಾವ ಎಡಗೈಯಲ್ಲಿ ಗುದ್ದುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಖ ಕೆಂಪಗಾಗಿತ್ತು. ಕೆಳಗಿದ್ದ ದಮ್ಮಡಿಯ ಕಡೆ ಗದ್ದ ತೋರಿಸಿ, “ಲೇ… ತಾ… ಇಲ್ಲಿ” ಎಂದರು. ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ಒಂದು ಬಡಿದರು, ಅದು ಜಾರಿತು. ಮೊಣಕಾಲ ಸಂದಿಯಲ್ಲಿ ಸಿಗಿಸಿಕೊಳ್ಳಲು ನೋಡಿದರು, ಬಲಗಾಲಲ್ಲಿ ಬಲವಿಲ್ಲ, ಮತ್ತೆ ಜಾರಿತು. ಮಂಚದಿಂದ ಬೀಳುವಷ್ಟರಲ್ಲಿ ನಾನು ಬಗ್ಗಿ ಹಿಡಿದೆ. ಹಿಡಿದ ಕೈಯಲ್ಲಿದ್ದಾಗಲೇ ಭಾವ ಅದರ ಮೇಲೆ ಬಡಿದರು.

ಸದ್ದು ಚೆನ್ನಾಗಿ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ದಮ್ಮಡಿಯನ್ನು ಎರಡೂ ಕೈಯಲ್ಲಿ ಅವರ ಎದೆಯ ನೇರಕ್ಕೆ ಎತ್ತಿ ಹಿಡಿದೆ. ಅವರು ಇನ್ನೆರಡು ಏಟು ಹಾಕಿದರು. ಅಭ್ಯಾಸಬಲದಿಂದ ನಾನು ಮುಂದಿನ ಏಟಿಗೆ ವಾದ್ಯವನ್ನು ಮುಂದಕ್ಕೆ ಕೊಟ್ಟೆ. ಭಾವ ಕಣ್ಣು ಕೆಕ್ಕರಿಸಿದರು. “ಅಳ್ಳಾಡ್… ಬ್ಯಾಡ.”

ಅಳ್ಳಾಡದೆ ಕೂತೆ. ಅವರ ಎಡಗೈಗೆ ಎಂದೂ ಈ ಕೆಲಸ ಗೊತ್ತಿರಲಿಲ್ಲ, ಹೊಸ ವಿದ್ಯಾರ್ಥಿಯ ಕೈ ಅದು. ಏಟಿಗೂ ಏಟಿಗೂ ನಡುವೆ ಎಷ್ಟೊಂದು ಹೊತ್ತು. ಈಗ ಬೀಳಬೇಕು, ಈಗ ಬೀಳಬೇಕು ಎಂದು ನನ್ನ ಬೆರಳುಗಳೆಲ್ಲ ತುಡಿಯುತ್ತಿದ್ದವು. ಹಲ್ಲು ಕಚ್ಚಿ ಹಿಡಿದುಕೊಂಡೆ. ಅಡುಗೆಮನೆಯ ಹೊಸಲಿನಿಂದ ಅಕ್ಕನ ದನಿ ಬಂತು. ನಿಂತಲ್ಲಿಂದಲೇ, ಬಿಟ್ಟಿದ್ದ ಐದನೆಯ ಸಾಲಿನಿಂದಲೇ ಎತ್ತಿಕೊಂಡಿದ್ದಳು. ಗಂಟಲು ಒಡೆದಿತ್ತು. ಭಾವನ ಏಟು ತಡವಾದಲ್ಲಿ ಪದವನ್ನು ಎಳೆದು ಕಾಯುತ್ತಿದ್ದಳು, ಅದು ಬಿದ್ದ ಮೇಲೆ ಮುಂದಕ್ಕೆ ಹೋಗುತ್ತಿದ್ದಳು. ಹಾಡುತ್ತಾ ಬಂದು ಮಂಚದ ತುದಿಯಲ್ಲಿ ಕೂತಳು. ಅವರನ್ನೇ ನೋಡುತ್ತಿದ್ದಳು, ನಾನು ಅಲ್ಲಿರುವುದೇ ಮರೆತಿತ್ತು. ನನ್ನ ಮೂಗಿನ ಮೇಲೆ ನೊಣ ಕೂತಿತ್ತು, ಓಡಿಸಲು ಕೈ ಖಾಲಿಯಿರಲಿಲ್ಲ.

ಹಾಡು ಮುಗಿಯಿತು. ಭಾವ ಬೆವೆತುಹೋಗಿದ್ದರು, ಬಾಯಿಯ ಒಂದೇ ಪಕ್ಕದಲ್ಲಿ ನಗುತ್ತಿದ್ದರು. ಆಗ ಅಕ್ಕನಿಗೆ ನನ್ನ ನೆನಪಾಯಿತು.

“ಕೈ ನೋಯ್ತಾ ಐತೇನೇ?” ಎಂದಳು.

ಭುಜ ಕಿತ್ತು ಬರುವಂತಿತ್ತು. ಇಲ್ಲ ಎಂದೆ.

“ಅಂಗಾರೆ ಇನ್ನೊಂದು ಪದ ಏಳ್ತೀನಿ,” ಎಂದಳು. “ಇಡ್ಕ.”