ಆರುನೂರ ಒಂದು ವರ್ಷದ ಕಾಲೇಜು

1957ರ ಫೆಬ್ರುವರಿ 4, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷ. ಬೀದರಿನ ಕಾಲೇಜೊಂದರ ಪಡಸಾಲೆಯ ಮೆಟ್ಟಿಲ ಮೇಲೆ ನಿಂತು ಪೇಶಕಾರ ಕಾಶೀರಾಮರು, ಗ್ರಂಥಾಲಯಕ್ಕೆ ನುಗ್ಗಿದ ಆಡಿನ ಸಮಾಚಾರವನ್ನು ಮೂರನೆಯ ಭಾಷೆಯಲ್ಲಿ ಹೇಳುತ್ತಿದ್ದರು.

ಉರ್ದುವಿನಲ್ಲಿ ಅದನ್ನು ಪ್ರಿನ್ಸಿಪಾಲ್ ಜಹೀರೋದ್ದೀನ ಸಾಹೇಬರೇ ಹೇಳಿ ಮುಗಿಸಿದ್ದರು. ಪ್ರತಿ ತಿಂಗಳ ಮೊದಲ ಸೋಮವಾರ ಕಾಲೇಜಿನ ಕೈಫಿಯತ್ತನ್ನು, ಅಂದರೆ ಆಡಳಿತದಲ್ಲಿ ಏನಾಯಿತು, ಏನಾಗಲಿಲ್ಲ ಎಂಬ ವರದಿಯನ್ನು, ವಿದ್ಯಾರ್ಥಿಗಳ ಮುಂದೆ ಗಟ್ಟಿಯಾಗಿ ಹೇಳುವುದು ಸಾಹೇಬರ ನೇಮ. ನೋಟೀಸ್ ಬೋರ್ಡಿಗೆ ಉರ್ದು ಕಾಗದ ಅಂಟಿಸಿದರೆ ಭಾಲ್ಕಿ ಕಡೆಯ ಹುಡುಗರು ಮರಾಠಿ ಕೇಳುತ್ತಿದ್ದರು. ಮರಾಠಿ ಅಂಟಿಸಿದರೆ ಉಳಿದವರು ಕನ್ನಡ ಕೇಳುತ್ತಿದ್ದರು. ಮೂರನ್ನೂ ಅಂಟಿಸುವಷ್ಟು ದೊಡ್ಡ ಬೋರ್ಡು ಕಾಲೇಜಿನಲ್ಲಿ ಇರಲಿಲ್ಲ. ಆದ್ದರಿಂದ ಸಾಹೇಬರು ಒಂದು ವಾಕ್ಯ ಹೇಳುವುದು, ಕಾಶೀರಾಮರು ಅದನ್ನು ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳುವುದು ಎಂದು ಗೊತ್ತಾಗಿತ್ತು.

ಅಂದಿನ ಕೈಫಿಯತ್ತು ಹೀಗಿತ್ತು. ಎರಡು ಬೆಂಚುಗಳಿಗೆ ಕಾಲು ಕೂಡಿಸಲಾಗಿದೆ. ವಾಲಿಬಾಲಿನ ನೆಟ್ ಬಂದಿದೆ, ಕಂಬ ಬಂದಿಲ್ಲ. ಬರುವವರೆಗೆ ಎತ್ತರದ ಇಬ್ಬರು ವಿದ್ಯಾರ್ಥಿಗಳು ನೆಟ್ಟನ್ನು ಹಿಡಿದು ನಿಲ್ಲತಕ್ಕದ್ದು. ಫಾರಸಿ ಅಧ್ಯಾಪಕರ ಹಲ್ಲುನೋವು ಕಡಿಮೆಯಾಗಿದೆ, ಆದರೆ ಪಾಠ ಮಾಡುವಷ್ಟು ಕಡಿಮೆಯಾಗಿಲ್ಲ. ಆಡು ಭೂಗೋಳದ ಪುಸ್ತಕದ 31ರಿಂದ 48ರವರೆಗಿನ ಪುಟಗಳನ್ನು ತಿಂದಿದೆ; ಪುಸ್ತಕ ಒಂದೇ ಇರುವುದರಿಂದ ಪರೀಕ್ಷೆಯಲ್ಲಿ ಆ ಭಾಗದ ಪ್ರಶ್ನೆ ಬರುವುದಿಲ್ಲ.

"ಸಾಬ್ರ, ಇತಿಹಾಸದ ಪುಸ್ತಕಾನೂ ಅದಕ್ಕ ಒಂದೀಟು ತೋರಿಸ್ರಿ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಕಾಶೀರಾಮರು ಅದನ್ನೂ ನಿಯಮದಂತೆ ಮರಾಠಿಗೆ ತಿರುಗಿಸಿದರು.

ನಿಜಾಮರ ಕಾಲದ ಕಚೇರಿಗಳಲ್ಲಿ ಸಾಹೇಬರ ಮುಂದೆ ಕಾಗದ ಇಟ್ಟು, ಓದಿ ಹೇಳುವವನಿಗೆ ಪೇಶಕಾರ ಎನ್ನುತ್ತಿದ್ದರು. ಹಿಂದಿನ ನವೆಂಬರಿನಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಶೀರಾಮರು ಕಾಗದದಲ್ಲಿ ಗುಮಾಸ್ತರಾದರು, ಬಾಯಲ್ಲಿ ಪೇಶಕಾರರಾಗಿಯೇ ಉಳಿದರು. ಅವರು ಔರಾದ ತಾಲ್ಲೂಕಿನ ಸಂತಪುರದವರು. ಮನೆಯಲ್ಲಿ ಕನ್ನಡ, ಹೊಲದಲ್ಲಿ ಮರಾಠಿ, ಔರಾದಿನ ಸಾಲೆಯಲ್ಲಿ ಉರ್ದು ಕಲಿತಿದ್ದರು. ಅವರ ಓಣಿಯಿಂದ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೆ ಹೋದವರಲ್ಲಿ ಅವರೇ ಮೊದಲಿಗರು. ಕುರ್ಚಿಯ ಬೆನ್ನಿಗೆ ಅವರು ಒರಗಿದ್ದನ್ನು ಆ ಕಾಲೇಜಿನಲ್ಲೇ ಓದಿದ ನಾನು ಒಂದು ಸಲವೂ ನೋಡಿಲ್ಲ.

ಕಾಗದ ಓದುವುದಕ್ಕೆ ಅವರದೊಂದು ಪದ್ಧತಿ ಇತ್ತು. "ಅರ್ಥ ಸಾಹೇಬರ ಕಿವಿಗೆ ಬೀಳಬೇಕು, ಪೇಶಕಾರನ ಕಿವಿಗೆ ಬೀಳಬಾರದು" ಎಂದು ಅವರಿಗೆ ಕೆಲಸ ಕಲಿಸಿದ ಮುದುಕರು ಹೇಳಿದ್ದರಂತೆ. ಹಾಗಾಗಿ ಸಾವಿನ ಸುದ್ದಿ ಇದ್ದರೂ, ರಜೆಯ ಅರ್ಜಿ ಇದ್ದರೂ ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಈ ಪದ್ಧತಿಯೇ ಅಂದು ಮುಳುವಾಯಿತು.

ಆಡಿನ ಪ್ರಕರಣ ಮುಗಿಯುವಷ್ಟರಲ್ಲಿ ಗಂಟೆ ಬಾರಿಸುವ ಜವಾನ ಖಾಜಾ ಮಿಯಾ ಟಪಾಲು ತಂದರು. ಕಾಲೇಜು ಆಗಷ್ಟೇ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ವಿಜ್ಞಾನ ವರ್ಗ ತೆರೆಯಲು ಅನುಮತಿ ಕೇಳಿ ಜನವರಿಯಲ್ಲಿ ಕಾಶೀರಾಮರು ಒಂದು ಫಾರಂ ತುಂಬಿ ಕಳಿಸಿದ್ದರು. ಬಂದದ್ದು ಅದರ ಉತ್ತರ, ಶುದ್ಧ ಸರಕಾರಿ ಕನ್ನಡದಲ್ಲಿ.

"ಓದ್ರಿ ಕಾಶೀರಾಮ್‌ಜೀ, ಇಲ್ಲೇ ಓದ್ರಿ. ಕಾಲೇಜಿನ ಮಾತು ಎಲ್ಲಾರೂ ಕೇಳ್ಲಿ" ಎಂದರು ಸಾಹೇಬರು.

ಕಾಶೀರಾಮರು ಒಂದೇ ದನಿಯಲ್ಲಿ ಓದಿದರು: "ತಮ್ಮ ಸಂಸ್ಥೆಯು 1356ನೆಯ ಇಸವಿಯಲ್ಲಿ ಸ್ಥಾಪಿತವಾಗಿ ಆರುನೂರ ಒಂದು ವರ್ಷಗಳನ್ನು ಕಂಡಿರುವುದನ್ನು ತಿಳಿದು ಅತೀವ ಸಂತೋಷವಾಯಿತು. ವಿಜ್ಞಾನ ವರ್ಗ ತೆರೆಯುವ ಸಂಸ್ಥೆಗೆ ಹತ್ತು ವರ್ಷ ತುಂಬಿರಬೇಕೆಂಬ ನಿಯಮವು ತಮ್ಮ ಮಟ್ಟಿಗೆ ಧಾರಾಳವಾಗಿ ಪಾಲನೆಯಾಗಿದೆ. ಆದರೆ ಇಷ್ಟು ಅವಧಿಯಲ್ಲಿ ಇಬ್ಬರೇ ಪ್ರಾಂಶುಪಾಲರು ಸೇವೆ ಸಲ್ಲಿಸಿರುವುದಾಗಿ ತಿಳಿಸಿದ್ದೀರಿ. ತಲಾ ಮುನ್ನೂರು ವರ್ಷ ಆರು ತಿಂಗಳ ಈ ಸೇವೆಯ ಬಗ್ಗೆ ವಿವರಣೆ ನೀಡತಕ್ಕದ್ದು. ನಮ್ಮ ಸದಸ್ಯರೊಬ್ಬರು ಇದೇ 18ರಂದು ಬಂದು ಅಭಿನಂದಿಸಲಿದ್ದಾರೆ."

ಜಹೀರೋದ್ದೀನ ಸಾಹೇಬರಿಗೆ ಬಜಾರಿನ ಕನ್ನಡ ಚೆನ್ನಾಗಿ ಬರುತ್ತಿತ್ತು, ಸರಕಾರದ ಕನ್ನಡ ಬರುತ್ತಿರಲಿಲ್ಲ. ಅವರಿಗೆ "ಸಂತೋಷ", "ವಿಜ್ಞಾನ", "ಅಭಿನಂದನೆ" ಎಂಬ ಮೂರು ಮಾತು ಸಿಕ್ಕವು. ಅವರು ಚಪ್ಪಾಳೆ ತಟ್ಟಿದರು. ಸಾಹೇಬರು ತಟ್ಟಿದ್ದನ್ನು ನೋಡಿ ನೂರ ನಲವತ್ತಮೂರು ವಿದ್ಯಾರ್ಥಿಗಳೂ ತಟ್ಟಿದರು. ಖಾಜಾ ಮಿಯಾ ಖುಷಿಗೆ ಗಂಟೆ ಬಾರಿಸಿದರು. ಗಂಟೆ ಕೇಳಿ ಎಲ್ಲರೂ ಮನೆಗೆ ಹೋದರು.

ತಪ್ಪು ಹಿಡಿದವಳು ಕಾಶೀರಾಮರ ಮಗಳು ಮೀರಾಬಾಯಿ. ಹಿಂದಿನ ವರ್ಷ ಮೆಟ್ರಿಕ್ ಪಾಸಾಗಿದ್ದಳು, ಗಣಿತದಲ್ಲಿ ತೊಂಬತ್ತೆರಡು ಅಂಕ. ಬೀದರಿನಲ್ಲಿ ವಿಜ್ಞಾನ ವರ್ಗ ಇಲ್ಲದ್ದರಿಂದ ಒಂದು ವರ್ಷ ಊರಂಚಿನ ಮೈಲೂರಿನ ಮನೆಯಲ್ಲೇ ಕೂತಿದ್ದಳು. ಭಾಲ್ಕಿಯಲ್ಲಿದ್ದ ಅವಳ ಸೋದರಮಾವ ಒಂದು ಗಂಡು ನೋಡಿಟ್ಟಿದ್ದ. ಜುಲೈಗೆ ವರ್ಗ ಶುರುವಾದರೆ ಓದು, ಇಲ್ಲದಿದ್ದರೆ ಲಗ್ನ ಎಂದು ಅವಳ ತಾಯಿ ಸುಭದ್ರಾಬಾಯಿ ತೀರ್ಮಾನ ಕೊಟ್ಟಾಗಿತ್ತು.

ಸಂಜೆ ಮನೆಗೆ ಬಂದ ಕಾಶೀರಾಮರು ಪತ್ರದ ನಕಲನ್ನು ಮಗಳಿಗೆ ಹೆಮ್ಮೆಯಿಂದ ಕೊಟ್ಟರು. ಅವಳು ಓದಿ, ತಂದೆಯ ಮುಖ ನೋಡಿ, ಮತ್ತೊಮ್ಮೆ ಓದಿದಳು.

"ಅಪ್ಪಾ, ಫಾರಂದಾಗ ಯಾವ ಇಸವಿ ಬರ್ದೀರಿ?"

"ಕಾಲೇಜು ಸುರು ಆದ ಇಸವಿ. ಹದಿಮೂರನೂರ ಐವತ್ತಾರು."

"ಅದು ಫಸಲಿ ಅಲ್ಲೇನ್ರಿ?"

"ಮತ್ತೇನು?"

ಫಸಲಿ ಎಂಬುದು ನಿಜಾಮರ ಸರಕಾರದ ವರ್ಷಗಣನೆ. ಅದಕ್ಕೆ 590 ಅಥವಾ 591 ಕೂಡಿಸಿದರೆ ಇಂಗ್ಲಿಷ್ ಇಸವಿ ಸಿಗುತ್ತದೆ. ಕಚೇರಿಗಳು ಅದನ್ನು ಬಿಟ್ಟು ಕೆಲವು ವರ್ಷಗಳಾಗಿದ್ದವು, ಕಾಶೀರಾಮರ ಕೈ ಬಿಟ್ಟಿರಲಿಲ್ಲ. ಅವರ ಲಗ್ನ, ಮಗಳ ಹುಟ್ಟು, ಸಂತಪುರದ ಬಾವಿಗೆ ನೀರು ಬಿದ್ದದ್ದು ಎಲ್ಲವೂ ಅವರಿಗೆ ಫಸಲಿಯಲ್ಲೇ ನೆನಪು. ಆದರೆ ಫಾರಂನ ಕೆಳಗೆ, ಸಹಿಯ ಪಕ್ಕದಲ್ಲಿ, ಹೊಸ ಪದ್ಧತಿಯಂತೆ 1957 ಎಂದು ಬರೆದಿದ್ದರು. ಆ ಕಡೆಯವರು ಒಂದರಿಂದ ಇನ್ನೊಂದನ್ನು ಕಳೆದಿದ್ದರು. ಅವರ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ.

ಕಾಶೀರಾಮರು ಗೋಡೆ ಹಿಡಿದು ಕೂತರು. ಒಳಗಿನಿಂದ ಸುಭದ್ರಾಬಾಯಿ, "ಏನಾತ್ರಿ?" ಎಂದರು.

"ಏನಿಲ್ಲ ಅವ್ವಾ" ಎಂದಳು ಮೀರಾಬಾಯಿ. "ಅಪ್ಪ ಕಾಲೇಜಿಗೆ ಐನೂರ ತೊಂಬತ್ತೊಂದು ವರ್ಷ ಪುಗಸಟ್ಟೆ ಕೊಟ್ಟಾರ."

"ಹೇಳಲಿಲ್ಲಂದ್ರ ವರ್ಗ ಸಿಗ್ತದ" ಎಂದರು ಕಾಶೀರಾಮರು ಮೆಲ್ಲಗೆ. "ಹೇಳಿದ್ರ ನೀ ಭಾಲ್ಕಿಗೆ ಹೋಗ್ತಿ."

"ಹೇಳ್ರಿ ಅಪ್ಪಾ. ತನ್ನ ವಯಸ್ಸಿನ ಲೆಕ್ಕಾನೇ ತಪ್ಪಿದ ಕಾಲೇಜಿನ್ಯಾಗ ನಾ ಗಣಿತ ಹ್ಯಾಂಗ ಕಲೀಲಿ?"

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ ಸೇರಿತು. ಇದ್ದವರು ಮೂವರು: ಸಾಹೇಬರು, ಕಾಶೀರಾಮರು ಮತ್ತು ಚಹಾ ಕೊಡಲು ಬಂದು ಹೊರಗೆ ಹೋಗದ ಖಾಜಾ ಮಿಯಾ. ವಿಷಯ ತಿಳಿದ ಸಾಹೇಬರು ಮೊದಲು ಕೇಳಿದ್ದು ಇಷ್ಟೇ: "ಯಾನೇ, ಅಂದ್ರ ನಂದು ಮುನ್ನೂರು ವರ್ಷದ ನೌಕರಿ?"

"ಮುನ್ನೂರು ವರ್ಷ ಆರು ತಿಂಗಳ್ರಿ."

"ಹಾಂಗಂದ್ರ ಒಂದು ದಿನಾನೂ ಗೈರಹಾಜರಿ ಇಲ್ಲ ಅಂತ ಬರೀರಿ!"

ಖಾಜಾ ಮಿಯಾ ಇದನ್ನು ಅವಕಾಶವೆಂದು ಭಾವಿಸಿದರು. "ಅರೆ ಕಾಶೀರಾಮ ಭಾಯಿ, ಯಾಕ ಅಂಜತೀರಿ? ಬೀದರದಾಗ ಹಳೇ ಕಲ್ಲಿಗೇನು ಬರ ಅದ? ಗವಾನ ಸಾಹೇಬರ ಮದರಸಾ ತೋರಿಸೋಣು. ಇದೇ ನಮ್ಮ ಕಾಲೇಜು, ಮಿನಾರ ರಿಪೇರಿ ನಡೆದದ ಅನ್ನೋಣು."

"ಅದು ಕಟ್ಟಿದ್ದು 1472ರಾಗ ಮಿಯಾ. ನಮ್ಮ ಕಾಲೇಜಿಗಿಂತ ನೂರಾ ಹದಿನಾರು ವರ್ಷ ಸಣ್ಣದು."

"ಮತ್ತ ಕೋಟೆ?"

"ನಮ್ಮ ಫಾರಂ ಪ್ರಕಾರ ಸುಲ್ತಾನರು ಬೀದರಿಗೆ ರಾಜಧಾನಿ ತರೋ ಹೊತ್ತಿಗೆ ನಮ್ಮ ಕಾಲೇಜು ಸುರು ಆಗಿ ಎಪ್ಪತ್ತು ವರ್ಷ ಆಗಿತ್ತು."

ಸಾಹೇಬರು ತಲೆಯ ಮೇಲೆ ಕೈ ಇಟ್ಟುಕೊಂಡರು. ಕಾಲೇಜು ನಿಜಕ್ಕೂ ಶುರುವಾದದ್ದು 1947ರ ಜೂನ್ 2ರಂದು. ಹತ್ತು ವರ್ಷ ತುಂಬಲು ಹೆಚ್ಚುಕಡಿಮೆ ನಾಲ್ಕು ತಿಂಗಳು ಬಾಕಿ. ಜೂನಿನಲ್ಲಿ ಮತ್ತೆ ಅರ್ಜಿ ಹಾಕಿದರೆ ಆ ವರ್ಷದ ಪ್ರವೇಶ ಕೈತಪ್ಪುತ್ತದೆ. ಪತ್ರ ಬರೆದು ತಪ್ಪು ಒಪ್ಪಿಕೊಂಡರೆ ಬರುವವರು ಬರುವುದೇ ಇಲ್ಲ. ಕೊನೆಗೆ ಬಂದ ಮೇಲೆ ಎದುರಿಗೇ ಹೇಳುವುದೆಂದು ಆಯಿತು. "ಮೊದಲು ಊಟ ಹಾಕೋಣು, ಆಮ್ಯಾಗ ಹೇಳೋಣು" ಎಂಬ ತಿದ್ದುಪಡಿಯನ್ನು ಖಾಜಾ ಮಿಯಾ ಸೇರಿಸಿದರು. ಅದು ಸರ್ವಾನುಮತದಿಂದ ಪಾಸಾಯಿತು.

18ರ ಸೋಮವಾರ ಹನ್ನೊಂದು ಗಂಟೆಗೆ ಸದಸ್ಯರು ಬಂದರು. ತೆಳ್ಳಗಿನ, ಮೆತ್ತಗೆ ಮಾತಾಡುವ ವಯಸ್ಸಾದ ಪ್ರೊಫೆಸರು. ಕೈಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಒಂದು ಭೂತಕನ್ನಡಿ. ಊಟಕ್ಕೆ ಕರೆದರೆ ಒಲ್ಲೆನೆಂದರು. "ಮೊದಲು ಶಾಸನ ನೋಡೋಣ" ಎಂದು ನೇರವಾಗಿ ಬಾಗಿಲ ಪಕ್ಕದ ಗೋಡೆಗೆ ಹೋಗಿ, ಅಲ್ಲಿದ್ದ ಉರ್ದು ಕಲ್ಲನ್ನು ಭೂತಕನ್ನಡಿಯಲ್ಲಿ ನೋಡತೊಡಗಿದರು. ಊಟದ ಯೋಜನೆ ಅಲ್ಲೇ ಮುಗಿಯಿತು.

"ಆಹಾ, ಎಷ್ಟು ಚೆನ್ನಾಗಿ ಉಳಿದಿದೆ! ಆರು ಶತಮಾನದ ಕಲ್ಲು ಅಂತ ಅನ್ನಿಸುವುದೇ ಇಲ್ಲ" ಎಂದರು ಪ್ರೊಫೆಸರು.

ಸಾಹೇಬರು ಕಾಶೀರಾಮರನ್ನು ನೋಡಿದರು. ಖಾಜಾ ಮಿಯಾ ಬಾಗಿಲಲ್ಲಿ ನಿಂತು "ಊಟ, ಊಟ" ಎಂದು ಸನ್ನೆ ಮಾಡಿದರು. ಕಾಶೀರಾಮರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ತಪ್ಪು ನಂದದರಿ. ಅದು ಫಸಲಿ ಇಸವಿ. ಸಾಹೇಬರು ಸಹಿ ಮಾಡ್ಯಾರ, ಅಂಕಿ ಬರ್ದಾವ ನಾನು. ಈ ಕಾಲೇಜಿಗೆ ಇವತ್ತಿಗೆ ಒಂಬತ್ತು ವರ್ಷ, ಎಂಟು ತಿಂಗಳು, ಹದಿನಾರು ದಿನರಿ."

ಪ್ರೊಫೆಸರು ಭೂತಕನ್ನಡಿಯನ್ನು ಕಣ್ಣಿನಿಂದ ತೆಗೆದರು. ಅದನ್ನು ಶಾಲಿನ ಅಂಚಿನಿಂದ ಒರೆಸಿದರು. ಆಮೇಲೆ, "ನಾನು ಭಾಷಣ ಬರೆದುಕೊಂಡು ಬಂದಿದ್ದೆ" ಎಂದರು ಸಣ್ಣ ದನಿಯಲ್ಲಿ. "ಹನ್ನೆರಡು ಪುಟ."

"ಕ್ಷಮಾ ಮಾಡ್ರಿ."

"ನೀವು ಹೇಳಿದ್ದು ಒಳ್ಳೆಯದಾಯಿತು. ಆದರೆ ನಿಯಮ ಹತ್ತು ವರ್ಷ ಅನ್ನುತ್ತದೆ. ನಾನೇನು ಮಾಡಲಿ? ಇರಲಿ, ಈ ಕಲ್ಲಿನಲ್ಲಿ ಏನಿದೆ, ಅದನ್ನಾದರೂ ಓದಿ. ಇಷ್ಟು ದೂರ ಬಂದಿದ್ದೇನೆ."

ಮಗಳ ಓದು ಅಲ್ಲಿಗೆ ಮುಗಿಯಿತೆಂದು ಕಾಶೀರಾಮರಿಗೆ ಗೊತ್ತಾಗಿತ್ತು. ಆದರೂ ಎದುರಿಗೆ ಇಟ್ಟ ಬರಹವನ್ನು ಪೇಶಕಾರ ಓದಲೇಬೇಕು. ಅವರು ಓದಿದರು, ಅದೇ ಏರದ ಇಳಿಯದ ದನಿಯಲ್ಲಿ: "ಇಲ್ಮಿನ, ಅಂದರೆ ವಿದ್ಯೆಯ, ಈ ಮನೆಯ ಬಾಗಿಲನ್ನು ತೆರೆಯಲಾಯಿತು, ತಾರೀಖು ಹನ್ನೆರಡು ರಜಬ್, ಸನ್ ಹಿಜರಿ ಸಾವಿರದ ಮುನ್ನೂರ ಅರವತ್ತಾರು."

ಅರ್ಥ ಅವರ ಕಿವಿಗೆ ಬೀಳಲಿಲ್ಲ. ಖಾಜಾ ಮಿಯಾರ ಕಿವಿಗೆ ಬಿತ್ತು.

"ಅರೆ! ಇವತ್ತು ರಜಬ್ ಹದಿನೇಳು! ಸನ್ ಎಪ್ಪತ್ತಾರು!"

ಸಾಹೇಬರು ಬೆರಳು ಎಣಿಸಿದರು. "ಹತ್ತು ವರ್ಷ ತುಂಬಿ ಐದು ದಿನ! ಪ್ರೊಫೆಸರ್ ಸಾಬ್, ಹತ್ತು ವರ್ಷ!"

ಹಿಜರಿ ವರ್ಷ ಚಂದ್ರನದು. ಅದು ಸೂರ್ಯನ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಒಂಬತ್ತೂ ಮುಕ್ಕಾಲು ವರ್ಷ ದಾಟುವ ಮೊದಲೇ ಅಲ್ಲಿ ಹತ್ತು ತುಂಬುತ್ತದೆ. ಪ್ರೊಫೆಸರು ಜೇಬಿನಿಂದ ನಿಯಮಗಳ ಪುಸ್ತಕ ತೆಗೆದು, ಭೂತಕನ್ನಡಿ ಹಿಡಿದು ಹುಡುಕಿದರು. "ವರ್ಷ ಅಂತ ಇದೆ. ಯಾರ ವರ್ಷ ಅಂತ ಇಲ್ಲ" ಎಂದರು. ಮೊದಲ ಬಾರಿಗೆ ನಕ್ಕರು.

"ಫಸಲಿಯಲ್ಲಿ ಒಂದು ವಯಸ್ಸು, ಹಿಜರಿಯಲ್ಲಿ ಒಂದು, ಇಸವಿಯಲ್ಲಿ ಒಂದು. ನಾನು ಯಾವುದನ್ನು ಬರೆದರೂ ಯಾರೋ ಒಬ್ಬರು ಅದರಿಂದ ಇನ್ನೊಂದನ್ನು ಕಳೆಯುತ್ತಾರೆ. ವರ್ಷವೇ ಬೇಡ. ಒಟ್ಟು ಎಷ್ಟು ದಿನ ಹೇಳಿ, ಬರೆಯುತ್ತೇನೆ. ಬೇಕಾದವರು ಬೇಕಾದದ್ದರಿಂದ ಭಾಗಿಸಿಕೊಳ್ಳಲಿ" ಎಂದರು ಕಾಶೀರಾಮರಿಗೆ.

ಯಾರೂ ಭಾಗಿಸಲಿಲ್ಲ. ಏಪ್ರಿಲಿನಲ್ಲಿ ಮಂಜೂರಾತಿ ಬಂತು. ಜುಲೈ 1ರಂದು ವಿಜ್ಞಾನ ವರ್ಗ ಶುರುವಾಯಿತು. ನಾವು ಹನ್ನೊಂದು ಜನ, ಹಾಜರಿಯಲ್ಲಿ ಮೊದಲ ಹೆಸರು ಮೀರಾಬಾಯಿಯದು. ಭಾಲ್ಕಿಯ ಗಂಡಿಗೆ ಔರಾದಿನ ಹೆಣ್ಣು ಗೊತ್ತಾಯಿತು. ಮಂಜೂರಾತಿ ಪತ್ರದಲ್ಲಿ ಸಂಸ್ಥೆಯ ವಯಸ್ಸು ಎಂಬ ಕಡೆ ಪ್ರೊಫೆಸರು ಬರೆದುಕೊಂಡು ಹೋದ ಅಂಕಿಯೇ ಇತ್ತು. ಮಧ್ಯೆ ಬಂದ ಮೂರು ಫೆಬ್ರುವರಿ 29ಗಳನ್ನು ಸೇರಿಸಿ ನಾನು ಎರಡು ಸಲ ಎಣಿಸಿ ನೋಡಿದ್ದೇನೆ, ಒಂದು ದಿನವೂ ತಪ್ಪಿಲ್ಲ. ಕಾಶೀರಾಮರು ಅದನ್ನು ಕಾಗದವಿಲ್ಲದೆ, ಕಲ್ಲಿನ ಮುಂದೆ ಟೋಪಿ ಹಿಡಿದು ನಿಂತು ಹೇಳಿದ್ದರು. ಆ ಒಂದು ಸಲ ಮಾತ್ರ ಅವರ ದನಿ ಏರಿತ್ತಂತೆ:

"ಮೂರು ಸಾವಿರದ ಐದುನೂರ ನಲವತ್ತೊಂಬತ್ತು."