ಓಟ್ಮಾರನ ಉದ್ದದ ಟ್ರಿಲ್

"ನನ್ನಷ್ಟು ಉದ್ದದ ಟ್ರಿಲ್ ನುಡಿಸೋನು ಇಡೀ ಥುರಿಂಗಿಯಾದಲ್ಲಿ ಇನ್ನೊಬ್ಬ ಹುಟ್ಟಿಲ್ಲ" ಎಂದು ಸಾಸೇಜು ಸುಡುವ ಓಟ್ಮಾರ್ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಟ್ರಿಲ್ ಎಂದರೆ ಅಕ್ಕಪಕ್ಕದ ಎರಡು ಸ್ವರಗಳನ್ನು ಪಟಪಟನೆ ಬಡಿದು ನಡುಗಿಸುವುದು. ಅವನು ಒಂದನ್ನು ಶುರುಮಾಡಿದರೆ ಕೇಳುವವರು ಮನೆಗೆ ಹೋಗಿ, ಆಲೂಗಡ್ಡೆ ಬೇಯಿಸಿ, ಉಂಡು, ಒಂದು ನಿದ್ದೆ ತೆಗೆದು ಬರಬಹುದಿತ್ತು; ಅದು ಆಗಲೂ ನಡುಗುತ್ತಿರುತ್ತಿತ್ತು.

ಅರವತ್ತರ ಹತ್ತಿರ ಬಂದ ಮೇಲೆ ಪಿಯಾನೊ ಹಿಡಿದವನು. ಬೆರಳುಗಳೋ, ಅವನೇ ತುಂಬಿದ ಸಾಸೇಜುಗಳ ಒಡಹುಟ್ಟುಗಳು; ಒಂದನ್ನು ಇಟ್ಟರೆ ಮೂರು ಸ್ವರ ಎದ್ದು ಬರುತ್ತಿದ್ದವು. ಚರ್ಚಿನಲ್ಲಿ ಆರ್ಗನ್ ನುಡಿಸುವ ಫ್ರಾವ್ ಗೆರ್ಲಾಖ್ ಅವನಿಗೆ ಕಲಿಸುತ್ತಿದ್ದದ್ದು ಒಂದೇ ಒಂದು ಮಿನುಯೆಟ್, ಮುನ್ನೂರು ವರ್ಷ ಹಳೆಯ ಕುಣಿತದ ಸಂಗೀತ. ಪೆಡಲು ತುಳಿದರೆ ಸ್ವರಗಳೆಲ್ಲ ಕಲಸಿ ಗಂಜಿಯಾಗುತ್ತವೆಂದು ಅವನ ಬಲಗಾಲನ್ನು ಕುರ್ಚಿಗೇ ಕಟ್ಟಿಸಿದ್ದರು.

"ಮೊದಲ ಸಲ ಬರೆದಷ್ಟೇ, ಸಾದಾ. ಅದೇ ಭಾಗ ಮರಳಿ ನುಡಿಸುವಾಗ ಮಾತ್ರ ಒಂದೆರಡು ಟ್ರಿಲ್" ಎನ್ನುತ್ತಿದ್ದರು ಆಕೆ. "ಸಾಸೇಜಿಗೆ ಮರುಗದ ಸೊಪ್ಪು ಹಾಕೋದು ಚಿಟಿಕೆ ಲೆಕ್ಕದಲ್ಲಿ. ಇಲ್ಲಿ ಯಾಕೆ ಮೂಟೆ ಬಿಚ್ತೀರಿ?"

"ಸಾಸೇಜಿಗೆ ಯಾರೂ ಚಪ್ಪಾಳೆ ತಟ್ಟಲ್ಲ, ಫ್ರಾವ್ ಗೆರ್ಲಾಖ್."

ಅವನ ಹೆಂಡತಿ ವಾಲ್ಬುರ್ಗಾಳ ಕುಣಿತದ ತಂಡ ಪ್ರತಿ ವರ್ಷ ಊರ ಚರ್ಚಿನ ಕಿರ್ಮೆಸ್ ಹಬ್ಬಕ್ಕೆ ಧ್ವನಿವರ್ಧಕದ ಡಬ್ಬಿಯಲ್ಲಿ ಸಂಗೀತ ಹಾಕಿಕೊಂಡು ಕುಣಿಯುತ್ತಿತ್ತು. ಈ ಸಲ ಗಂಡ ನುಡಿಸಲಿ ಎಂದು ಅವಳೇ ಹಟ ಹಿಡಿದಳು.

"ಒಬ್ಬೊಬ್ಬರ ಕೈಕಾಲು ಹಿಡಿದು ಒಪ್ಪಿಸಿದೀನಿ. ನೀನು ಕೆಡಿಸಿದರೆ ಬರೋ ವರ್ಷ ಮತ್ತೆ ಡಬ್ಬಿನೇ. ಆಮೇಲೆ ನಿನ್ನ ಪಿಯಾನೊ ಮುಚ್ಚಳದ ಮೇಲೆ ಹೂಕುಂಡ ಇಡ್ತೀನಿ, ನೋಡ್ತಿರು."

ಹಬ್ಬದ ದಿನ ಸಭಾಂಗಣ ತುಂಬಿತ್ತು. ಮಿನುಯೆಟ್ಟಿನ ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಸಾಲಿನ ಕೊನೆಯಲ್ಲಿ ಕುಣಿಯುವವರು ತುದಿಗಾಲ ಮೇಲೆ ಏಳಬೇಕು, ಮುಂದಿನ ಸ್ವರಕ್ಕೆ ಇಳಿಯಬೇಕು. ಅವರು ಎದ್ದರು. ಅಷ್ಟರಲ್ಲಿ ಓಟ್ಮಾರನ ಕಣ್ಣಿಗೆ ಜನ ಬಿದ್ದರು. ಪಾಠ ಮರೆತು ಹೋಗಿ, ಮೊದಲ ಸಲಕ್ಕೇ ತನ್ನ ಟ್ರಿಲ್ ಬಿಚ್ಚಿಬಿಟ್ಟ.

ಮುಂದಿನ ಸ್ವರ ಬರಲೇ ಇಲ್ಲ. ಹೊರಗೆ ಮರದಲ್ಲಿ ಸೇಬು ಹಣ್ಣಾಗಿ ಉದುರಿದವು. ಒಳಗೆ ತಂಡಕ್ಕೆ ತಂಡವೇ ತುದಿಗಾಲಲ್ಲಿ, ಕೊಕ್ಕರೆಗಳ ಹಾಗೆ. ಎಲ್ಲರೂ ಮೊಮ್ಮಕ್ಕಳನ್ನು ಕಂಡವರು.

"ಓಟ್ಮಾರ್, ಕೆಳಗಿಳಿಸು" ಎಂದಳು ವಾಲ್ಬುರ್ಗಾ, ಮುಖದ ನಗು ಕದಲಿಸದೆ ಹಲ್ಲಿನ ಸಂದಿಯಿಂದ.

ಅವನು ತಿರುಗಿ ನೋಡಿದ. ಲಂಗದ ಕೆಳಗೆ ಅವಳ ಮಂಡಿ ಗಡಗಡ ನಡುಗುತ್ತಿತ್ತು. ಆ ಮಂಡಿಯ ನೋವಿಗೆ ದಿನಾ ಎಣ್ಣೆ ತಿಕ್ಕುವವನು ಅವನೇ.

ಟ್ರಿಲ್ಲನ್ನು ಅಲ್ಲೇ ಕತ್ತರಿಸಿ ಮುಂದಿನ ಸ್ವರ ಇಟ್ಟ. ಧೊಪ್ಪೆಂದು ಎಲ್ಲರೂ ಇಳಿದರು. ಆಮೇಲೆ ಅವನು ಜನರನ್ನೂ ನೋಡಲಿಲ್ಲ, ಪಿಯಾನೊದ ಕಪ್ಪು-ಬಿಳಿ ಮನೆಗಳನ್ನೂ ನೋಡಲಿಲ್ಲ. ಅವಳ ಚಪ್ಪಲಿಯನ್ನೇ ನೋಡುತ್ತ ನುಡಿಸಿದ. ಅದು ಎದ್ದರೆ ಸ್ವರ ಹಗುರಾಯಿತು, ಅವಳು ಉಸಿರು ತೆಗೆದುಕೊಂಡರೆ ಸಂಗೀತವೂ ಒಂದಿಷ್ಟು ತಡೆದು ನಿಂತಿತು. ಮರಳಿ ನುಡಿಸಿದಾಗ ಒಂದೇ ಒಂದು ಅಲಂಕಾರವಿಲ್ಲ. ಜನರ ಪಾದಗಳು ಕುರ್ಚಿಯ ಕೆಳಗೆ ತಾವಾಗಿಯೇ ತಾಳ ಹಾಕುತ್ತಿದ್ದವು.

ಕುಣಿತ ಮುಗಿದ ಮೇಲೆ ತಂಡದವರು ಮಂಡಿ ಉಜ್ಜಿಕೊಳ್ಳುತ್ತಲೇ ಬರುವ ವರ್ಷವೂ ಡಬ್ಬಿ ಬೇಡವೆಂದರು. ಫ್ರಾವ್ ಗೆರ್ಲಾಖ್ ಮಾತ್ರ ಬಿಡಲಿಲ್ಲ.

"ಪಾಠಾನ ತಲೆಕೆಳಗು ಮಾಡಿದ್ರಲ್ಲ. ಮೊದಲ ಸಲ ಮೂಟೆ, ಎರಡನೇ ಸಲ ಚಿಟಿಕೇನೂ ಇಲ್ಲ. ಬೇಕಾದ ಜಾಗದಲ್ಲಿ ಟ್ರಿಲ್ ಎಲ್ಲಿ ಹೋಯ್ತು?"

ಓಟ್ಮಾರ್ ಕುರ್ಚಿಯಿಂದ ಕಾಲು ಬಿಚ್ಚಿಕೊಳ್ಳುತ್ತಿದ್ದ.

"ಎಲ್ಲೂ ಹೋಗಿಲ್ಲ, ಫ್ರಾವ್ ಗೆರ್ಲಾಖ್. ಆಗಲೂ ನಡೀತಾನೇ ಇತ್ತು, ನನ್ನ ಹೆಂಡತಿ ಮಂಡಿಯಲ್ಲಿ. ಒಂದೇ ಮನೆಯಿಂದ ಎರಡೆರಡು ಟ್ರಿಲ್ ಯಾಕೆ ಅಂತ ನಾನು ಸುಮ್ಮನಾದೆ."