ಬೇಸಗೆಯಲ್ಲೂ ಎಣ್ಣೆ ತರುವ ಫೆಲಿಮ್

ರಬ್ಬರ್ ಕೊಳವೆಯ ಒಂದು ತುದಿಯನ್ನು ಹಿತ್ತಲಿನ ಎಣ್ಣೆ ಟ್ಯಾಂಕಿಗೆ ಇಳಿಬಿಡಬೇಕು, ಇನ್ನೊಂದು ತುದಿಯನ್ನು ಬಾಯಿಂದ ಎಳೆಯಬೇಕು, ಎಣ್ಣೆ ಮೇಲೆ ಬರುತ್ತಿದ್ದಂತೆ ಕೊಳವೆಯನ್ನು ಬಾಯಿಂದ ತೆಗೆದು ಕಾರಿಗೆ ಕೊಡಬೇಕು. ಮೊನಾಹನ್ ಗಡಿಯಲ್ಲಿ ಹುಟ್ಟಿದ ಗಂಡಸಿಗೆ ಇಷ್ಟು ಬಾರದಿದ್ದರೆ ಅವಮಾನ. ನನಗೆ ಐವತ್ಮೂರು ವರ್ಷವಾದರೂ ಕೊನೆಯ ಹಂತದಲ್ಲಿ ಯಾವಾಗಲೂ ಅರ್ಧ ಕ್ಷಣ ತಡ. ಆ ಭಾನುವಾರ ಬೆಳಿಗ್ಗೆ ಒಂದು ಗುಟುಕು ಸೀದಾ ಹೊಟ್ಟೆಗೇ ಹೋಯಿತು. ಎರಡು ಸಲ ಹಲ್ಲುಜ್ಜಿಕೊಂಡು ಇಗರ್ಜಿಗೆ ಹೋದೆ. ಪ್ರಸಾದಕ್ಕೆಂದು ಬಾಯಿ ತೆರೆದಾಗ ಫಾದರ್ ಡೆವ್ಲಿನ್ ಅರ್ಧ ಹೆಜ್ಜೆ ಹಿಂದೆ ಸರಿದು, ಪ್ರಾರ್ಥನೆ ಹೇಳುವ ದನಿಯಲ್ಲೇ, “ವಾಪಸ್ ಹೋಗ್ವಾಗ ಮೇಣದಬತ್ತಿ ಇರೋ ಕಡೆ ಹೋಗ್ಬೇಡಪ್ಪ, ಕ್ಯಾಹಲ್” ಎಂದರು.

ಮುಂದಿನ ಮೂರು ಸಾಲಿಗೆ ಕೇಳಿಸಿತು. ಹಿಂದಿನವರಿಗೆ ಆ ಮೂರು ಸಾಲಿನವರು ಹೇಳಿದರು. ನಾನು ತಲೆ ತಗ್ಗಿಸಿ ಬಂದು ಕೂತಾಗ ಹಿಂದಿನ ಬೆಂಚಿನಿಂದ ಒಂದು ಒರಟು ಕೈ ಭುಜದ ಮೇಲಿಂದ ಮುಂದೆ ಬಂತು. ಅಂಗೈಯಲ್ಲಿ ಪೆಪ್ಪರ್‌ಮೆಂಟು.

“ಒಂದು ಸಾಕಾಗಲ್ಲ. ಎರಡು ತಗೋ,” ಎಂದ ಫೆಲಿಮ್ ಟ್ರೇನರ್.

ಆ ಎಣ್ಣೆಯನ್ನು ನನಗೆ ಮಾರಿದವನು ಅವನೇ.

ಎಣ್ಣೆ ಇರುವುದು ಮನೆ ಬೆಚ್ಚಗಿಡುವ ಬಾಯ್ಲರ್‌ಗೆ. ಅದರ ಮೇಲೆ ಸುಂಕ ಇಲ್ಲವೆನ್ನುವಷ್ಟು ಕಡಿಮೆ. ರಸ್ತೆಯ ಡೀಸೆಲ್ ಮೇಲೆ ಕಣ್ಣಲ್ಲಿ ನೀರು ಬರುವಷ್ಟು. ಎರಡೂ ಒಂದೇ ಎಂದು ಜನಕ್ಕೆ ತಿಳಿಯಬಾರದೆಂದು ಸರ್ಕಾರ ಬಾಯ್ಲರ್ ಎಣ್ಣೆಗೆ ಹಸಿರು ಬಣ್ಣ ಬೆರೆಸುತ್ತದೆ. ಹೊಲದಲ್ಲಿ ಉಳುವ ಟ್ರ್ಯಾಕ್ಟರ್ ಹಸಿರು ಕುಡಿಯಬಹುದು, ಕಾರು ಕುಡಿಯುವಂತಿಲ್ಲ. ಕಾರಿನ ಎಂಜಿನ್ನಿಗೆ ಬಣ್ಣ ಕಾಣುವುದಿಲ್ಲ ಎಂಬುದೊಂದೇ ನಮ್ಮ ಧೈರ್ಯ. ಈ ನಿಯಮವನ್ನು ಅಕ್ಷರಶಃ ಪಾಲಿಸುವವರನ್ನು ನಮ್ಮಲ್ಲಿ ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅದರಲ್ಲಿ ಒಂದು ಬೆರಳು ಫೆಲಿಮ್. ಅವನ ಲಾರಿಯ ತುಂಬ ಹಸಿರು ಎಣ್ಣೆ; ಆ ಲಾರಿಯನ್ನು ಓಡಿಸಲು ಮಾತ್ರ ಪೇಟೆಯ ಪಂಪಿನಲ್ಲಿ ಸಾಲು ನಿಂತು ದುಬಾರಿ ಡೀಸೆಲ್ ಹಾಕಿಸುತ್ತಾನೆ. ಯಾಕಯ್ಯಾ ಎಂದು ಕೆಣಕಿದವರಿಗೆ, “ನನ್ನ ಲಾರಿಗೆ ಚಿಮಣಿ ಇಲ್ವಲ್ಲ” ಎನ್ನುತ್ತಾನೆ.

ಅವನ ವಂಶ ನೋಡಿದರೆ ಹೀಗಾಗಬಾರದಿತ್ತು. ಬೆಣ್ಣೆಯ ಬೆಲೆ ದೇಶದ ಗಡಿಯ ಈಚೆಗೊಂದು ಆಚೆಗೊಂದು ಇದ್ದ ಕಾಲದಲ್ಲಿ ಅವನಪ್ಪ ಮಗುವನ್ನು ತಳ್ಳುವ ಗಾಡಿಯಲ್ಲಿ ಬೆಣ್ಣೆ ಜೋಡಿಸಿ, ಮೇಲೆ ಫೆಲಿಮ್‌ನನ್ನು ಮಲಗಿಸಿ ಗಡಿ ದಾಟುತ್ತಿದ್ದನಂತೆ. ಹಲ್ಲು ಬರುವ ಮೊದಲೇ ಸುಂಕದವರ ಎದುರು ಮುಖ ಸಪ್ಪಗಿಟ್ಟುಕೊಳ್ಳುವುದನ್ನು ಕಲಿತವನು, ದೊಡ್ಡವನಾದ ಮೇಲೆ ಅದೇ ಮುಖದಲ್ಲಿ ನೆಟ್ಟಗೆ ಬದುಕತೊಡಗಿದ. ಬೆಣ್ಣೆ ತಿನ್ನುವುದಿಲ್ಲ. ಅದರ ಮೇಲೆ ಸಾಕಷ್ಟು ಮಲಗಿದ್ದೇನೆ, ಸಾಕು ಎನ್ನುತ್ತಾನೆ.

ನಲವತ್ತು ವರ್ಷದಿಂದ ಅವನದು ಒಂದೇ ಕೆಲಸ. ಕಂಪನಿಗಳ ದೊಡ್ಡ ಟ್ಯಾಂಕರುಗಳು ನಮ್ಮ ಗುಡ್ಡದ ಓಣಿಗಳಿಗೆ ಬರುವುದಿಲ್ಲ, ಬಂದರೆ ಹಿಂದಕ್ಕೆ ಹೋಗುವುದಿಲ್ಲ. ಫೆಲಿಮ್‌ನ ಗಿಡ್ಡ ಲಾರಿ ಎರಡೂ ಬದಿಯ ಬೇಲಿಯನ್ನು ಸವರಿಕೊಂಡು ಎಲ್ಲಿಗೂ ಹತ್ತುತ್ತದೆ. ಅವನು ಮನೆಯ ಬಾಗಿಲು ಬಡಿಯುವುದಿಲ್ಲ. ಸೀದಾ ಹಿತ್ತಲಿಗೆ ಹೋಗಿ ಟ್ಯಾಂಕು ಬಡಿಯುತ್ತಾನೆ. ಬೆರಳ ಗೆಣ್ಣಿನಿಂದ ಮೇಲಿಂದ ಕೆಳಕ್ಕೆ ಟಕ್ ಟಕ್ ಎಂದು ತಟ್ಟುತ್ತ ಹೋಗಿ, ಸದ್ದು ಬದಲಾದ ಕಡೆ ಹೆಬ್ಬೆರಳಿಟ್ಟು, “ಹದಿನೈದು ದಿನಕ್ಕೆ ಬರುತ್ತೆ” ಎಂದರೆ ಹದಿನೈದನೆಯ ದಿನ ರಾತ್ರಿ ಬಾಯ್ಲರ್ ಕೆಮ್ಮುತ್ತದೆ. ಗುಡ್ಡದ ತುದಿಯ ಮುದುಕಿ ಬ್ರಿಜಿ ಮೆಕ್‌ನ್ಯಾಲಿ ಅವನನ್ನು ಕರೆದದ್ದೇ ಇಲ್ಲ. ಅವಳ ಟ್ಯಾಂಕಿನ ಸದ್ದು ಅವನಿಗೆ ನೆನಪಿರುತ್ತದೆ. ಜನವರಿಯ ಹಿಮದಲ್ಲಿ ಒಂದು ಬೆಳಿಗ್ಗೆ ತಾನೇ ಹೋಗಿ ಕೊಳವೆ ಹಚ್ಚುತ್ತಾನೆ. “ನಾನು ಹೇಳಿರ್ಲಿಲ್ವಲ್ಲೋ” ಎಂದು ಮುದುಕಿ ಕಿಟಕಿಯಿಂದ ಬೈಯುತ್ತಾಳೆ. “ನಿನ್ ಟ್ಯಾಂಕ್ ಹೇಳ್ತು ಬಿಡು, ಬ್ರಿಜಿ.”

ಇನ್ನು ಬೇಸಗೆಯ ವಿಷಯ. ಚಳಿಗಾಲದಲ್ಲಿ ಮುದುಕಿಯರ ಮನೆಗೆ ಹೋಗುವ ಲಾರಿ ಬೇಸಗೆಯಲ್ಲಿ ಗಟ್ಟಿಮುಟ್ಟಾದ ಗಂಡಸರ ಮನೆಗೆ ಹೋಗುತ್ತದೆ. ಏಕೆಂದು ಕೇಳುವುದು ನಮ್ಮಲ್ಲಿ ಸಭ್ಯತೆಯಲ್ಲ. ಆದರೆ ಮಾರುವವನು ಕೇಳಲೇಬೇಕೆಂದು ಕಾನೂನು. ಆದ್ದರಿಂದ ಫೆಲಿಮ್ ಪ್ರತಿ ಸಲವೂ ಕೊಳವೆ ಬಿಚ್ಚುವ ಮೊದಲು ಟೋಪಿ ಸರಿಮಾಡಿಕೊಂಡು, “ಬಾಯ್ಲರ್‌ಗೆ ತಾನೆ?” ಎಂದು ಕೇಳುತ್ತಿದ್ದ. ನಾವು “ಬಾಯ್ಲರ್‌ಗೇ” ಎನ್ನುತ್ತಿದ್ದೆವು. ಅವನು ಬರೆದುಕೊಂಡು ನಮ್ಮಿಂದ ಸಹಿ ಹಾಕಿಸುತ್ತಿದ್ದ. ಹೀಗಾಗಿ ಸುಳ್ಳು ಯಾವಾಗಲೂ ನಮ್ಮ ಹತ್ತಿರವೇ ಉಳಿಯುತ್ತಿತ್ತು. ತಿಂಗಳ ಕೊನೆಗೆ ಯಾರಿಗೆ ಎಷ್ಟು ಲೀಟರ್ ಎಂಬ ಪಟ್ಟಿಯನ್ನು ಚೂರೂ ಬದಲಿಸದೆ ಸುಂಕದ ಕಚೇರಿಗೆ ಕಳಿಸುತ್ತಿದ್ದ. ಅದನ್ನು ಯಾರಾದರೂ ಓದಬಹುದೆಂಬ ಅನುಮಾನ ನಮ್ಮೂರಲ್ಲಿ ಯಾರಿಗೂ ಇರಲಿಲ್ಲ.

ಆಗಸ್ಟಿನ ಒಂದು ಮಂಗಳವಾರ ದನದ ಸಂತೆ ನಡೆದಿತ್ತು. ಹರಾಜು ಮುಗಿಯುವ ಹೊತ್ತಿಗೆ, ಗೇಟಿನ ಹೊರಗೆ ಸುಂಕದವರು ಗಾಜಿನ ನಳಿಗೆ ಹಿಡಿದು ನಿಂತಿದ್ದಾರೆ, ಪ್ರತಿ ಗಾಡಿಯ ಟ್ಯಾಂಕಿನಿಂದಲೂ ಎಣ್ಣೆ ತೆಗೆದು ಬಣ್ಣ ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು. ಟ್ರ್ಯಾಕ್ಟರಿನವರು ಎದೆ ಉಬ್ಬಿಸಿಕೊಂಡು ಹೊರಟರು. ಉಳಿದವರಿಗೆ ಇದ್ದಕ್ಕಿದ್ದಂತೆ ಟೀ ಬೇಕಾಯಿತು. ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಅರವತ್ತು ಗಂಡಸರು ಕ್ಯಾಂಟೀನಿನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ, ಹಸುಗಳ ಕೆಚ್ಚಲಿನ ಬಗ್ಗೆ ಹಿಂದೆಂದೂ ಇಲ್ಲದ ಆಳದಲ್ಲಿ ಚರ್ಚೆ ನಡೆಸಿದರು.

ನಾನು ಜಾಣ. ಕಾರನ್ನು ಕುರಿ ದೊಡ್ಡಿಯ ಹಿಂದೆ ಬಿಟ್ಟು, ಒಂದು ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು, ಕರು ಕಳೆದುಕೊಂಡವನಂತೆ ಗೇಟು ದಾಟಿ ನಾಲ್ಕು ಮೈಲಿ ನಡೆದು ಮನೆ ಸೇರಿದೆ. ನನ್ನ ಹೆಂಡತಿ ಅಟ್ರ್ಯಾಕ್ಟಾ ಬಾಗಿಲಲ್ಲೇ, “ಕಾರೆಲ್ಲಿ? ಈ ಹಗ್ಗ ಯಾಕೆ?” ಎಂದಳು. ಕಥೆ ಕೇಳಿ, “ಅಷ್ಟು ಕಾರಲ್ಲಿ ನಿಮ್ದು ಮಾತ್ರ ಅನಾಥ ಅಂದ್ರೆ, ಮೊದಲು ಅದನ್ನೇ ನೋಡಲ್ವಾ ಅವರು?” ಎಂದು ಕೇಳಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಸುಂಕದ ಕಚೇರಿಯ ಕಾರು ಬಂತು. ಅದರ ಹಿಂದೆ ಫೆಲಿಮ್‌ನ ಲಾರಿ. ಕಾರಿನಿಂದ ಇಳಿದವಳು ಸುಂಕದ ಅಧಿಕಾರಿ ಮಿಸ್ ಗಿಲ್ಸೆನನ್. ಮೂವತ್ತರ ಒಳಗಿನ ಹುಡುಗಿ, ಬಹಳ ಮರ್ಯಾದಸ್ಥೆ.

“ನಿಮ್ಮ ಕಾರನ್ನ ನೋಡ್ಕೊಂಡೇ ಬಂದೆ ಸರ್. ಹುಲ್ಲಿಗಿಂತ ಹಸಿರಾಗಿದೆ,” ಎಂದಳು. “ನಿಮ್ಮ ದಂಡದ ವಿಷಯ ಆಮೇಲೆ. ನಂಗೀಗ ಬೇಕಾಗಿರೋದು ಮಾರಿದವರು. ಕಾರಿಗೆ ಅಂತ ಗೊತ್ತಿದ್ದೂ ಕೊಟ್ಟಿದ್ರೆ ಇವರ ಲೈಸೆನ್ಸ್ ಹೋಗುತ್ತೆ.”

ದಂಡ ಕಟ್ಟಿ ಬದುಕಬಹುದು. ಆದರೆ ಆ ಗಿಡ್ಡ ಲಾರಿ ನಿಂತರೆ ಬ್ರಿಜಿಯ ಗುಡ್ಡಕ್ಕೆ ಜನವರಿಯಲ್ಲಿ ಹತ್ತುವವರು ಯಾರೂ ಇಲ್ಲ. ಅಂಥ ಹಿತ್ತಲುಗಳು ಇನ್ನೂ ನಲವತ್ತಿವೆ. ಫೆಲಿಮ್ ಟೋಪಿ ಕೈಯಲ್ಲಿ ಹಿಡಿದು ನನ್ನ ಟ್ಯಾಂಕಿನ ಕಡೆ ನೋಡುತ್ತ ನಿಂತಿದ್ದ. ತಟ್ಟಬೇಕೆಂದು ಅವನ ಬೆರಳು ತುರಿಸುತ್ತಿದ್ದುದು ಕಾಣುತ್ತಿತ್ತು.

“ಪ್ರತಿ ಸಲ ಕೇಳಿದಾನೆ ಮೇಡಮ್,” ಎಂದೆ. “ಬಾಯ್ಲರ್‌ಗೇ ಅಂತ ಸುಳ್ಳು ಹೇಳಿದ್ದು ನಾನು. ಸಹಿ ನಂದೇ.”

ಐವತ್ಮೂರು ವರ್ಷದಲ್ಲಿ ಸರ್ಕಾರದ ಎದುರು ನಾನು ನಿಜ ಹೇಳಿದ್ದು ಅದೇ ಮೊದಲು. ಅಟ್ರ್ಯಾಕ್ಟಾ ಕಿಟಕಿ ತೆರೆದು ನೋಡಿದಳು.

“ಏನ್ ಕೆಲಸ ಮಾಡ್ತೀರಿ ಸರ್?”

“ವಾರಪತ್ರಿಕೆಗೆ ಬರೀತೀನಿ. ಹಾಸ್ಯ.”

“ಓ,” ಎಂದಳು. ಅದನ್ನು ಬರೆದುಕೊಳ್ಳಲಿಲ್ಲ.

ಫೆಲಿಮ್‌ನ ಲೈಸೆನ್ಸು ಇವತ್ತಿಗೂ ಲಾರಿಯ ಗಾಜಿನ ಹಿಂದೆ ಇದೆ. ನಾನೂ ಆ ವಾರದಿಂದ ಪಂಪಿನ ಸಾಲಿನಲ್ಲಿ ಅವನ ಹಿಂದೆಯೇ ನಿಲ್ಲುತ್ತೇನೆ. ಓದುಗರು ಗಾಬರಿಪಡದಿರಲೆಂದು ಮೊದಲೇ ಹೇಳಿಬಿಟ್ಟೆ. ಅಂಗಳದಲ್ಲಿ ನಿಂತ ನನಗೆ ಆಗ ಅದೊಂದೂ ಗೊತ್ತಿರಲಿಲ್ಲ. ಮಿಸ್ ಗಿಲ್ಸೆನನ್ ಪಟ್ಟಿಯ ಮೇಲೆ ಬೆರಳಿಟ್ಟು ಫೆಲಿಮ್‌ನ ಕಡೆ ತಿರುಗಿದಳು.

“ಜುಲೈ ತಿಂಗಳು, ಮಿಸ್ಟರ್ ಟ್ರೇನರ್. ನಾಯಿಗಳೂ ನೆರಳು ಹುಡುಕ್ತಿದ್ವು. ಆ ಒಂದು ತಿಂಗಳಲ್ಲಿ ಇವರ ಮನೆಗೆ ಒಂಬೈನೂರು ಲೀಟರ್. ಇದನ್ನ ಏನಂತ ಅರ್ಥ ಮಾಡ್ಕೊಳ್ಳೋಣ?”

ಫೆಲಿಮ್ ನನ್ನನ್ನು ಟ್ಯಾಂಕು ನೋಡುವಂತೆ ಮೇಲಿಂದ ಕೆಳಕ್ಕೆ ಒಮ್ಮೆ ನೋಡಿದ.

“ಬರೆಯೋರು, ಮೇಡಮ್,” ಎಂದ. “ದಿನವಿಡೀ ಅಲ್ಲಾಡದೆ ಕೂತಿರೋ ಜನಕ್ಕೆ ಚಳಿ ಜಾಸ್ತಿ.”